ಎಂಜಿನ್ ಸ್ಟಾರ್ಟ್-ಸ್ಟಾಪ್ ಮತ್ತು ಬ್ರೇಕ್ ಹೋಲ್ಡ್: ಆಟೋಮ್ಯಾಟಿಕ್ ಕಾರಿನಲ್ಲಿ ಹಲವು ವರ್ಷಗಳ ಬಳಕೆಯ ನಂತರ

ಕಾರು ನಿಂತ ಕೂಡಲೇ ಎಂಜಿನ್ನನ್ನು ತಾನಾಗಿ ಆರಿಸುವ ಸ್ಟಾರ್ಟ್-ಸ್ಟಾಪ್ ಮತ್ತು ಪೆಡಲಿನಿಂದ ಕಾಲು ತೆಗೆದ ಮೇಲೂ ಬ್ರೇಕನ್ನು ಹಿಡಿದಿಡುವ ಬ್ರೇಕ್ ಹೋಲ್ಡ್, ಈ ಎರಡೂ ಸೌಲಭ್ಯಗಳಿರುವ ಪೆಟ್ರೋಲ್ ಆಟೋಮ್ಯಾಟಿಕ್ ಕಾರನ್ನು ನಾನು ಹಲವು ವರ್ಷಗಳಿಂದ ದಿನನಿತ್ಯ ಓಡಿಸುತ್ತಿದ್ದೇನೆ. ನನ್ನದು ಆರು ಗೇರುಗಳ, ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಈ ಅವಧಿಯಲ್ಲಿ ಸಿವಿಟಿ ಮತ್ತು ಡ್ಯುಯಲ್ ಕ್ಲಚ್ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಿರುವ ಕಾರುಗಳನ್ನೂ ಸಾಕಷ್ಟು ದೂರ ಓಡಿಸುವ ಅವಕಾಶ ಸಿಕ್ಕಿದ್ದರಿಂದ ಹೋಲಿಸಿ ಹೇಳುವ ಧೈರ್ಯ ಬಂದಿದೆ. ಕಾರಿನ ಕೈಪಿಡಿಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆ, ವಿಮರ್ಶಕರೂ ಬೇರೆ ಬೇರೆಯಾಗಿಯೇ ಅಂಕ ಕೊಡುತ್ತಾರೆ. ಆದರೆ ಓಡಿಸುವವರ ಪಾಲಿಗೆ ಎರಡೂ ಒಂದೇ ಬ್ರೇಕ್ ಪೆಡಲಿಗೆ ಕಟ್ಟುಬಿದ್ದಿರುವುದರಿಂದ, ಇವುಗಳಲ್ಲಿ ಒಂದು ಹಿತವೆನಿಸುವುದೋ ಕಿರಿಕಿರಿಯೆನಿಸುವುದೋ ಎಂಬುದು ಇನ್ನೊಂದರ ಜೊತೆ ಅದು ಹೇಗೆ ಹೊಂದಿಕೊಂಡಿದೆ ಎಂಬುದನ್ನೇ ಅವಲಂಬಿಸಿರುತ್ತದೆ.

ಬ್ರೇಕ್ ಹೋಲ್ಡ್ ಬಗ್ಗೆ ನನಗೆ ಮೊದಲಿನಿಂದಲೂ ಹೆಚ್ಚಿನ ತಕರಾರಿಲ್ಲ. ಕೆಲವು ಕಂಪನಿಗಳು ಇದನ್ನೇ ಆಟೋ ಹೋಲ್ಡ್ ಎನ್ನುತ್ತವೆ. ಕಾರು ಪೂರ್ತಿ ನಿಂತ ಮೇಲೆ, ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆಯ ಕವಾಟಗಳು ಮುಚ್ಚಿಕೊಂಡು, ನೀವು ಪೆಡಲಿನ ಮೂಲಕ ಕೊಟ್ಟ ಒತ್ತಡವನ್ನು ಬ್ರೇಕ್ ಆಯಿಲಿನಲ್ಲಿಯೇ ಹಿಡಿದಿಡುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಆ ಒತ್ತಡ ಬಿಡುಗಡೆಯಾಗುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಎರಡು ಮೂರು ಸೆಕೆಂಡು ಮಾತ್ರ ಹಿಡಿಯುವ ಹಿಲ್ ಹೋಲ್ಡ್ ಬೇರೆ, ಇದು ಬೇರೆ. ಬ್ರೇಕ್ ಹೋಲ್ಡ್ ನಿಮಿಷಗಟ್ಟಲೆ ಹಿಡಿದಿರುತ್ತದೆ, ಮತ್ತು ನಿಗದಿತ ಸಮಯ ಮೀರಿದರೆ ಕೆಲಸವನ್ನು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿಗೆ ಒಪ್ಪಿಸುತ್ತದೆ. ಆ ಸಮಯ ಕೆಲವು ಕಾರುಗಳಲ್ಲಿ ಸುಮಾರು 3 ನಿಮಿಷ, ಇನ್ನು ಕೆಲವದರಲ್ಲಿ 10 ನಿಮಿಷ. ಚಾಲಕರ ಸೀಟ್ ಬೆಲ್ಟ್ ಹಾಕಿರಬೇಕು, ಬಾಗಿಲು ಮುಚ್ಚಿರಬೇಕು ಎಂಬ ಷರತ್ತುಗಳು ಬಹುತೇಕ ಎಲ್ಲ ಕಾರುಗಳಲ್ಲೂ ಇವೆ, ಮತ್ತು ಅವು ಇರಲೇಬೇಕಾದ ಷರತ್ತುಗಳು.

ದೀರ್ಘ ಬಳಕೆಯಲ್ಲಿ ಇದರ ಬೆಲೆ ಗೊತ್ತಾಗುವುದು ಬಲಗಾಲಿನ ಮೀನಖಂಡಕ್ಕೆ. ಆಟೋಮ್ಯಾಟಿಕ್ ಕಾರು ಡಿ (ಡ್ರೈವ್) ಸ್ಥಾನದಲ್ಲಿರುವಾಗ ಬ್ರೇಕ್ ಬಿಟ್ಟರೆ ಮೆಲ್ಲಗೆ ಮುಂದಕ್ಕೆ ತೆವಳುವ ಗುಣವುಳ್ಳದ್ದು, ಆದ್ದರಿಂದ ಸಿಗ್ನಲಿನಲ್ಲಿ ನಿಂತಷ್ಟು ಹೊತ್ತೂ ಪಾದವನ್ನು ಬಿಗಿಯಾಗಿ ಹಿಡಿದೇ ಇರಬೇಕಾಗುತ್ತದೆ. ದಣಿದಾಗ ಆ ಹಿಡಿತ ತಿಳಿಯದೆ ಸಡಿಲವಾಗಿ ಮುಂದಿನ ವಾಹನಕ್ಕೆ ತಾಗುವ ಅಪಾಯವೂ ಇದೆ. ಹೋಲ್ಡ್ ಇದ್ದರೆ ಈ ಎರಡೂ ತಪ್ಪುತ್ತವೆ. ಒಂದೇ ಕೊರತೆಯೆಂದರೆ, ಹಿಡಿದಿರುವಷ್ಟು ಹೊತ್ತೂ ಹಿಂದಿನ ಬ್ರೇಕ್ ದೀಪಗಳು ಉರಿಯುತ್ತಲೇ ಇರುವುದರಿಂದ ರಾತ್ರಿ ನಿಮ್ಮ ಬೆನ್ನ ಹಿಂದೆ ನಿಂತವರ ಕಣ್ಣಿಗೆ ಅದು ಹೊಡೆಯುತ್ತದೆ. ತುಂಬ ಹೊತ್ತು ನಿಲ್ಲಬೇಕಾದ ಕಡೆ ನಾನು ಪಾರ್ಕಿಂಗ್ ಬ್ರೇಕ್ ಹಾಕಿಬಿಡುತ್ತೇನೆ, ಆಗ ಆ ದೀಪಗಳು ಆರುತ್ತವೆ.

ಸ್ಟಾರ್ಟ್-ಸ್ಟಾಪ್ ವಿಷಯ ಇಷ್ಟು ಸರಳವಲ್ಲ. ಇದರ ವಿರುದ್ಧ ಕೇಳಿಬರುವ ಮೊದಲ ಆಕ್ಷೇಪ, ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದರಿಂದ ಉಳಿದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಖರ್ಚಾಗುತ್ತದೆ ಎಂಬುದು. ಕಾರ್ಬ್ಯುರೇಟರ್ ಕಾಲದ ಈ ಮಾತು ಇಂದಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನಿಗೆ ಹೊಂದುವುದಿಲ್ಲ. ಬಿಸಿಯಾಗಿರುವ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ತಗಲುವ ಇಂಧನ ಹತ್ತು ಸೆಕೆಂಡು ಐಡಲ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ನಡೆಯುತ್ತಿರುವಾಗ, ಉರಿಯುವುದಕ್ಕಿಂತ ಕಡಿಮೆ ಎಂಬುದನ್ನು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಅಳತೆಗಳು ತೋರಿಸಿವೆ. ಸಾಧಾರಣ ಗಾತ್ರದ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಕುಡಿಯುತ್ತದೆ. ಗಂಟೆಗೆ 0.7 ಲೀಟರ್ ಎಂದಿಟ್ಟುಕೊಂಡು, ಒಂದು ಪ್ರಯಾಣದಲ್ಲಿ ಒಟ್ಟು 20 ನಿಮಿಷ ಎಂಜಿನ್ ಆರಿತ್ತು ಎಂದರೆ ಉಳಿದದ್ದು ಸುಮಾರು 0.23 ಲೀಟರ್. ಆ ಪ್ರಯಾಣಕ್ಕೆ 3 ಲೀಟರ್ ಬೇಕಾಗಿದ್ದರೆ ಇದು ನಿರ್ಲಕ್ಷಿಸುವಂಥ ಉಳಿತಾಯವಲ್ಲ. ಹೆದ್ದಾರಿಯಲ್ಲಿ ನಿಲ್ಲದೆ ಓಡುವವರಿಗೆ ಇದು ಸೊನ್ನೆ.

ಪ್ರತಿ ಬಾರಿ ಕಾರು ಚಾಲೂ ಮಾಡಿದಾಗಲೂ ಸ್ಟಾರ್ಟ್-ಸ್ಟಾಪ್ ತಾನಾಗಿ ಜಾರಿಗೆ ಬರುವುದು ಹಲವರಿಗೆ ಬೇಸರದ ಸಂಗತಿ. ಇದರ ಹಿಂದೆ ಇರುವುದು ಪ್ರಯೋಗಾಲಯದ ಪರೀಕ್ಷೆ. ಹೊಗೆ ಮತ್ತು ಮೈಲೇಜಿನ ಪರೀಕ್ಷೆಯನ್ನು ಕಾರಿನ ಸಹಜ ಸ್ಥಿತಿಯಲ್ಲಿ ಮಾಡುವುದರಿಂದ, ಅದರ ಲಾಭ ಲೆಕ್ಕಕ್ಕೆ ಬರಬೇಕಾದರೆ ಈ ಸೌಲಭ್ಯ ಆ ಸಹಜ ಸ್ಥಿತಿಯ ಭಾಗವಾಗಿರಬೇಕು. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ 1180 ಸೆಕೆಂಡುಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಾರು ನಿಂತೇ ಇರುತ್ತಿತ್ತು. 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಆ ಪಾಲು ಶೇಕಡಾ 13ರ ಆಸುಪಾಸಿಗೆ ಇಳಿದಿದೆ. ನಿಮ್ಮ ಪ್ರಯಾಣದಲ್ಲಿ ನಿಲುಗಡೆಯ ಪಾಲು ಎಷ್ಟೆಂದು ಒಮ್ಮೆ ಗಮನಿಸಿದರೆ ಕಂಪನಿ ಹೇಳಿದ ಲಾಭ ನಿಮಗೆ ಎಷ್ಟು ದಕ್ಕೀತು ಎಂಬುದು ತಿಳಿಯುತ್ತದೆ.

ಆಟೋಮ್ಯಾಟಿಕ್ ಕಾರಿನಲ್ಲಿ ಸ್ಟಾರ್ಟ್-ಸ್ಟಾಪ್ ಮ್ಯಾನ್ಯುಯಲ್‌ಗಿಂತ ಕಠಿಣ ಪರೀಕ್ಷೆಯನ್ನು ಎದುರಿಸುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ಹೊರಡುವ ಮುನ್ನ ಕ್ಲಚ್ ಒತ್ತುವ ಕ್ಷಣದಲ್ಲೇ ಎಂಜಿನ್ನಿಗೆ ಸೂಚನೆ ಸಿಕ್ಕಿಬಿಡುತ್ತದೆ, ಗೇರ್ ಹಾಕುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಬಿಡುವು ಇಲ್ಲ. ಅದೂ ಅಲ್ಲದೆ, ಗೇರ್‌ಬಾಕ್ಸಿನ ಒಳಗಿನ ಕ್ಲಚ್‌ಗಳನ್ನು ಬಿಗಿಹಿಡಿಯುವುದು ಆಯಿಲಿನ ಒತ್ತಡ, ಆ ಒತ್ತಡ ಹುಟ್ಟಿಸುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಆರಿದರೆ ಒತ್ತಡವೂ ಇಳಿಯುತ್ತದೆ. ಇದಕ್ಕೆ ಕೆಲವು ಕಂಪನಿಗಳು ವಿದ್ಯುತ್ತಿನಿಂದ ನಡೆಯುವ ಸಹಾಯಕ ಆಯಿಲ್ ಪಂಪನ್ನು ಇಟ್ಟಿವೆ. ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಎಂಟು ಗೇರಿನ ಗೇರ್‌ಬಾಕ್ಸಿಗಾಗಿ, ಎಂಜಿನ್ ನಡೆಯುವಾಗ ಸ್ವಲ್ಪ ಆಯಿಲನ್ನು ಸ್ಪ್ರಿಂಗಿನ ಒತ್ತಡದಲ್ಲಿ ಕೂಡಿಟ್ಟುಕೊಂಡು ಮತ್ತೆ ಹೊರಡುವಾಗ ಅದನ್ನು ಒಮ್ಮೆಗೇ ತಳ್ಳುವ ವ್ಯವಸ್ಥೆಯನ್ನು ರೂಪಿಸಿತು. ಹೊರಡುವಾಗ ಅನುಭವಕ್ಕೆ ಬರುವ ಒಂದು ಸಣ್ಣ ನೂಕು ಅಥವಾ ತಡ ಬಹುಮಟ್ಟಿಗೆ ಈ ಆಯಿಲ್ ಒತ್ತಡದ ಮತ್ತು ಸ್ಟಾರ್ಟರ್ ಮೋಟಾರಿನ ಗುಣಮಟ್ಟದಿಂದ ನಿರ್ಧಾರವಾಗುತ್ತದೆ. ಸ್ಟಾರ್ಟರ್ ಮೋಟಾರಿನ ಬದಲು ಬೆಲ್ಟಿನ ಮೂಲಕ ಎಂಜಿನ್ ತಿರುಗಿಸುವ 48 ವೋಲ್ಟ್‌ನ ಸೌಮ್ಯ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಮತ್ತೆ ಚಾಲೂ ಆಗುವುದು ಎಷ್ಟು ನಯವಾಗಿದೆಯೆಂದರೆ, ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರ್ ನೋಡದಿದ್ದರೆ ಗೊತ್ತಾಗುವುದೇ ಕಷ್ಟ.

ಇನ್ನು ಎರಡೂ ಸೇರಿದಾಗ ನಡೆಯುವುದನ್ನು ನೋಡೋಣ, ಏಕೆಂದರೆ ನನ್ನ ಅನುಭವದಲ್ಲಿ ಕಾರಿನಿಂದ ಕಾರಿಗೆ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಇಲ್ಲಿಯೇ. ಬ್ರೇಕ್ ಹೋಲ್ಡ್ ಇಲ್ಲದಿದ್ದರೆ ನಿಯಮ ಒಂದೇ: ಕಾಲು ಬ್ರೇಕಿನ ಮೇಲಿದ್ದರೆ ಎಂಜಿನ್ ಆರಿರುತ್ತದೆ, ಕಾಲು ಎತ್ತಿದರೆ ಚಾಲೂ ಆಗುತ್ತದೆ. ಹೋಲ್ಡ್ ಜಾರಿಯಲ್ಲಿದ್ದಾಗ ಕಾಲು ಎತ್ತಿದರೆ ಏನಾಗಬೇಕು ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ. ಒಂದು ಬಗೆಯ ಕಾರು, ಬ್ರೇಕು ಹಿಡಿದಿರುವುದರಿಂದ ಎಂಜಿನ್ ಬೇಕಿಲ್ಲವೆಂದು ತೀರ್ಮಾನಿಸಿ ಆಕ್ಸಿಲರೇಟರ್ ತುಳಿಯುವವರೆಗೂ ಮೌನವಾಗಿರುತ್ತದೆ. ಇನ್ನೊಂದು ಬಗೆಯದು ಕಾಲು ಎತ್ತಿದ ಮರುಕ್ಷಣವೇ ಎಂಜಿನ್ನನ್ನು ಚಾಲೂ ಮಾಡಿ, ಬ್ರೇಕನ್ನು ಮಾತ್ರ ಹಿಡಿದುಕೊಂಡು ಕಾಯುತ್ತದೆ. ಮೊದಲನೆಯದರಲ್ಲಿ ಇಂಧನ ಪೂರ್ತಿ ಉಳಿಯುತ್ತದೆ, ಕಾಲಿಗೂ ವಿಶ್ರಾಂತಿ ಸಿಗುತ್ತದೆ. ಆದರೆ ಹೊರಡುವಾಗ ಎಂಜಿನ್ ತಿರುಗಬೇಕು, ಆಯಿಲ್ ಒತ್ತಡ ಏರಬೇಕು, ಬ್ರೇಕ್ ಬಿಡಬೇಕು, ಈ ಮೂರೂ ಒಂದೇ ತುಳಿತಕ್ಕೆ ಒಂದರ ಹಿಂದೊಂದು ನಡೆಯಬೇಕಾಗಿರುವುದರಿಂದ, ಅವಸರದಲ್ಲಿ ಜೋರಾಗಿ ತುಳಿದರೆ ಅರೆಕ್ಷಣದ ಮೌನದ ನಂತರ ಕಾರು ಮುಂದಕ್ಕೆ ಚಿಮ್ಮುತ್ತದೆ. ಎರಡನೆಯದರಲ್ಲಿ ಹೊರಡುವುದು ನಯವಾಗಿರುತ್ತದೆ, ಆದರೆ ಇಂಧನ ಉಳಿಯಬೇಕಾದರೆ ಕಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡಿರಬೇಕು, ಅಂದರೆ ಹೋಲ್ಡ್ ಕೊಟ್ಟ ವಿಶ್ರಾಂತಿಯನ್ನು ಸ್ಟಾರ್ಟ್-ಸ್ಟಾಪ್ ಕಿತ್ತುಕೊಂಡಂತಾಗುತ್ತದೆ.

ನನ್ನ ಕಾರು ಮೊದಲ ಬಗೆಯದು. ಅದರ ಚಿಮ್ಮುವಿಕೆಯನ್ನು ತಗ್ಗಿಸಲು ನಾನು ಬಳಸುವ ಉಪಾಯ ಸುಲಭವಾದದ್ದು. ಮುಂದಿನ ವಾಹನದ ಬ್ರೇಕ್ ದೀಪ ಆರಿದ್ದು ಕಂಡ ಕೂಡಲೇ ಸ್ಟಿಯರಿಂಗನ್ನು ತುಸುವೇ ತಿರುಗಿಸುತ್ತೇನೆ. ವಿದ್ಯುತ್ ಪವರ್ ಸ್ಟಿಯರಿಂಗ್ ಇರುವ ಹಲವು ಕಾರುಗಳಲ್ಲಿ ಸ್ಟಿಯರಿಂಗಿನ ಆ ಸಣ್ಣ ಚಲನೆಯನ್ನೇ ಚಾಲಕ ಹೊರಡಲಿದ್ದಾನೆ ಎಂಬ ಸೂಚನೆಯಾಗಿ ಓದಿಕೊಂಡು ಎಂಜಿನ್ ಚಾಲೂ ಆಗುತ್ತದೆ, ಬ್ರೇಕು ಮಾತ್ರ ಹಿಡಿದೇ ಇರುತ್ತದೆ. ಬಳಿಕ ಆಕ್ಸಿಲರೇಟರನ್ನು ಹಗುರವಾಗಿ ಮುಟ್ಟಿದರೆ ಸಾಕು, ಪಕ್ಕದಲ್ಲಿ ಕುಳಿತವರ ತಲೆ ಅಲುಗದಂತೆ ಕಾರು ಹೊರಡುತ್ತದೆ. ಮುಂದಿನ ವಾಹನ ಚಲಿಸಿದ್ದನ್ನು ರಾಡಾರಿನಿಂದಲೇ ಗ್ರಹಿಸಿ ಎಂಜಿನ್ನನ್ನು ಮೊದಲೇ ಎಬ್ಬಿಸುವ ಕಾರುಗಳೂ ಬಂದಿವೆ. ಈ ಸಮಸ್ಯೆಗೆ ಸರಿಯಾದ ಪರಿಹಾರ ಅದೇ ಎಂದು ನನ್ನ ಅಭಿಪ್ರಾಯ.

ನಿಲ್ಲಿಸುವಾಗಲೂ ಪೆಡಲಿನ ಮೇಲಿನ ಒತ್ತಡವೇ ಮಾತಾಡುತ್ತದೆ. ಅನೇಕ ಕಾರುಗಳು ಹಗುರ ಒತ್ತಡದಲ್ಲಿ ನಿಂತರೆ ಎಂಜಿನ್ ಆರಿಸುವುದಿಲ್ಲ, ಪೆಡಲನ್ನು ಇನ್ನಷ್ಟು ಒತ್ತಿದಾಗ ಮಾತ್ರ ಆರಿಸುತ್ತವೆ. ಈ ಗೆರೆ ಎಲ್ಲಿದೆಯೆಂದು ಪಾದಕ್ಕೆ ಅಭ್ಯಾಸವಾದರೆ ಸ್ಟಾರ್ಟ್-ಸ್ಟಾಪ್‌ನ ಬಟನ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಎರಡು ಕಾರಿನುದ್ದ ಮುಂದೆ ಸರಿದು ಮತ್ತೆ ನಿಲ್ಲುವ ಸಾಲಿನಲ್ಲಿ ಹಗುರವಾಗಿ ಒತ್ತಿದರೆ ಸಾಕು, ದೀರ್ಘ ಸಿಗ್ನಲಿನಲ್ಲಿ ಪೂರ್ತಿ ಒತ್ತಬೇಕು. ತೊಡಕೆಂದರೆ, ಕೆಲವು ಕಾರುಗಳಲ್ಲಿ ಬ್ರೇಕ್ ಹೋಲ್ಡ್ ಹಿಡಿಯಬೇಕಾದರೂ ಪೆಡಲನ್ನು ಆಳವಾಗಿಯೇ ಒತ್ತಬೇಕು. ಅಂಥ ಕಾರಿನಲ್ಲಿ ಎಂಜಿನ್ ಆರದೆ ಬ್ರೇಕು ಮಾತ್ರ ಹಿಡಿದಿರಲಿ ಎಂದು ಕೇಳಲು ಪಾದಕ್ಕೆ ದಾರಿಯಿಲ್ಲ, ಬಟನ್ ಒತ್ತಿ ಸ್ಟಾರ್ಟ್-ಸ್ಟಾಪನ್ನು ನಿಲ್ಲಿಸಲೇಬೇಕು. ಟ್ರಾಫಿಕ್ ತೆವಳುತ್ತಿರುವಾಗ ನಾನೂ ಹಾಗೆಯೇ ಮಾಡುತ್ತೇನೆ, ಹೋಲ್ಡ್ ಮಾತ್ರ ಇರಲಿ ಎಂದು.

ಬಿಸಿಲಿನಲ್ಲಿ ಏಸಿಯ ಪ್ರಶ್ನೆ ಬರುತ್ತದೆ. ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಾರುಗಳಲ್ಲಿ ಎಂಜಿನ್ ಆರಿದೊಡನೆ ತಂಪು ನಿಂತು ಫ್ಯಾನ್ ಮಾತ್ರ ಉಳಿಯುತ್ತದೆ. ಒಳಗಿನ ಸೆಕೆ ಒಂದು ಮಿತಿ ದಾಟಿದರೆ ಕಾರು ತಾನಾಗಿಯೇ ಎಂಜಿನ್ ಚಾಲೂ ಮಾಡುತ್ತದೆ. ಹೀಗೆ ನೀವು ಏನೂ ಮಾಡದಿದ್ದಾಗ ಎಂಜಿನ್ ಎದ್ದುಬಿಟ್ಟರೆ ಗಾಬರಿಯಾಗಬೇಕಿಲ್ಲ. ಬ್ಯಾಟರಿಯ ಚಾರ್ಜ್ ಇಳಿದರೂ, ಪೆಡಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ನಿರ್ವಾತ ಕಡಿಮೆಯಾದರೂ ಅದು ಹೀಗೆಯೇ ಏಳುತ್ತದೆ. ಗಾಜಿನ ಮಂಜು ತೆಗೆಯುವ ಡೀಫ್ರಾಸ್ಟ್ ಹಾಕಿದಾಗ ಮತ್ತು ಎಂಜಿನ್ ಇನ್ನೂ ಬಿಸಿಯಾಗದಿದ್ದಾಗ ಅದು ಆರುವುದೇ ಇಲ್ಲ.

ಇಕ್ಕಟ್ಟಾದ ಜಾಗದಲ್ಲಿ ಪಾರ್ಕಿಂಗ್ ಮಾಡುವಾಗ ಎರಡನ್ನೂ ಆಫ್ ಮಾಡುವುದು ಉತ್ತಮ. ಅಂಗುಲ ಅಂಗುಲವಾಗಿ ಸರಿಯಬೇಕಾದಾಗ ನಮಗೆ ಬೇಕಾಗಿರುವುದು ಬ್ರೇಕ್ ಪೆಡಲಿನಿಂದಲೇ ಹತೋಟಿಯಲ್ಲಿಡಬಹುದಾದ ಆ ತೆವಳುವಿಕೆ. ಹೋಲ್ಡ್ ಇದ್ದರೆ ಪ್ರತಿ ಅಂಗುಲಕ್ಕೂ ಆಕ್ಸಿಲರೇಟರ್ ತುಳಿಯಬೇಕಾಗುತ್ತದೆ, ಗೋಡೆಯ ಹತ್ತಿರ ಅದು ಸುರಕ್ಷಿತವಲ್ಲ. ಕಾರನ್ನು ಎನ್‌ನಲ್ಲಿಟ್ಟು (ನ್ಯೂಟ್ರಲ್) ತಾನಾಗಿ ಎಳೆದೊಯ್ಯುವ ಯಾಂತ್ರಿಕ ಕಾರ್ ವಾಶ್‌ನಲ್ಲಿಯೂ ಹೋಲ್ಡ್ ಆಫ್ ಆಗಿರಬೇಕು.

ಸುರಕ್ಷತೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಂಜಿನ್ ಮೌನವಾಗಿರುವಾಗ ಕಾರು ಆಫ್ ಆಗಿದೆಯೆಂದು ತಿಳಿದು, ಡಿ ಸ್ಥಾನದಲ್ಲಿಯೇ ಬಿಟ್ಟು ಇಳಿಯುವ ಸಾಧ್ಯತೆ ನಿಜವಾದದ್ದು, ಮುಖ್ಯವಾಗಿ ಕಾರನ್ನು ಎರವಲು ಪಡೆದು ಓಡಿಸುವವರಲ್ಲಿ. ಬೆಲ್ಟ್ ಬಿಚ್ಚಿದರೆ ಅಥವಾ ಬಾಗಿಲು ತೆರೆದರೆ ಕೆಲವು ಕಾರುಗಳು ಪಾರ್ಕಿಂಗ್ ಬ್ರೇಕ್ ಹಾಕುತ್ತವೆ, ಕೆಲವು ಎಚ್ಚರಿಕೆಯ ಸದ್ದು ಮಾತ್ರ ಮಾಡುತ್ತವೆ. ನಿಮ್ಮ ಕಾರನ್ನು ಬೇರೆಯವರ ಕೈಗೆ ಕೊಡುವ ಮುನ್ನ, ಇಳಿಯುವಾಗ ಪಿ (ಪಾರ್ಕ್) ಹಾಕಿ ಎಂಜಿನ್ ಬಟನ್ ಒತ್ತಬೇಕೆಂದು ತಪ್ಪದೆ ತಿಳಿಸಿ.

ಬಾಳಿಕೆಯ ವಿಷಯದಲ್ಲಿ ಸ್ಟಾರ್ಟರ್ ಬಗ್ಗೆ ನನಗೆ ಚಿಂತೆಯಿಲ್ಲ. ಈ ಕಾರುಗಳ ಸ್ಟಾರ್ಟರ್ ಮತ್ತು ಎಂಜಿನ್ ಬೇರಿಂಗುಗಳನ್ನು ಸಾಮಾನ್ಯ ಕಾರಿಗಿಂತ ಹಲವು ಪಟ್ಟು ಹೆಚ್ಚು ಸಲ ಚಾಲೂ ಆಗುವಂತೆಯೇ ತಯಾರಿಸಿರುತ್ತಾರೆ. ನಿಜವಾಗಿ ಸವೆಯುವುದು ಬ್ಯಾಟರಿ. ಇಲ್ಲಿ ಬೇಕಾಗಿರುವುದು ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದನ್ನು ತಾಳಿಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಮಾದರಿಯದು, ಅದರ ಬೆಲೆ ಸಾಮಾನ್ಯ ಬ್ಯಾಟರಿಗಿಂತ ಹೆಚ್ಚು. ನನ್ನ ಕಾರಿನಲ್ಲಿ ಬ್ಯಾಟರಿ ದುರ್ಬಲವಾಗುತ್ತಿರುವ ಮೊದಲ ಸುಳಿವು ಸಿಕ್ಕಿದ್ದು ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾದದ್ದರಿಂದಲ್ಲ. ಅದಕ್ಕೂ ತಿಂಗಳುಗಳ ಮೊದಲೇ ಸ್ಟಾರ್ಟ್-ಸ್ಟಾಪ್ ಅಪರೂಪವಾಗುತ್ತಾ ಹೋಗಿ, ಕೊನೆಗೆ ಪೂರ್ತಿ ನಿಂತೇಹೋಗಿತ್ತು. ಋಣ ತುದಿಯಲ್ಲಿರುವ ಸೆನ್ಸರ್ ಬ್ಯಾಟರಿಯ ಸ್ಥಿತಿಯನ್ನು ಸದಾ ಅಳೆಯುತ್ತಿರುವುದರಿಂದ ಹೀಗಾಗುತ್ತದೆ. ಬದಲಿಸುವಾಗ ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಅದು ಬೇಗ ಸಾಯುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ಕಾರಿನ ಕಂಪ್ಯೂಟರಿನಲ್ಲಿ ನೋಂದಾಯಿಸಬೇಕು. ಅದನ್ನು ಬಿಟ್ಟರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲಿಯೇ ಚಾರ್ಜಿಂಗ್ ಮುಂದುವರಿಯುತ್ತದೆ.

ಈ ಸೌಲಭ್ಯಗಳಿರುವ ಕಾರನ್ನು ಕೊಳ್ಳುವ ಯೋಚನೆ ಇದ್ದರೆ, ಟೆಸ್ಟ್ ಡ್ರೈವ್‌ನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏಸಿ ಹಾಕಿಕೊಂಡು ಒಂದು ದೀರ್ಘ ಸಿಗ್ನಲಿನಲ್ಲಿ ನಿಲ್ಲಿಸಿ, ಹೋಲ್ಡ್ ಹಾಕಿ, ಕಾಲು ಎತ್ತಿ ನೋಡಿ: ಎಂಜಿನ್ ಆರಿಯೇ ಇರುತ್ತದೆಯೇ, ಏಳುತ್ತದೆಯೇ? ಆಮೇಲೆ ಸ್ವಲ್ಪ ಏರಿರುವ ಕಡೆ ಅದನ್ನೇ ಮಾಡಿ, ಅವಸರವಿರುವವರಂತೆ ಒಮ್ಮೆ, ನಿಧಾನವಾಗಿ ಒಮ್ಮೆ ಹೊರಡಿ. ಹಿಂದಿನ ಸಲ ಆಯ್ದ ಹೋಲ್ಡ್ ಅನ್ನು ಕಾರು ನೆನಪಿಟ್ಟುಕೊಳ್ಳುತ್ತದೆಯೇ ಎಂದು ತಿಳಿಯಲು ಎಂಜಿನ್ ಪೂರ್ತಿ ಆಫ್ ಮಾಡಿ ಮತ್ತೆ ಚಾಲೂ ಮಾಡಿ ನೋಡಿ. ನನ್ನದು ನೆನಪಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಬೆಲ್ಟ್ ಹಾಕಿಕೊಂಡ ತಕ್ಷಣ ಹೋಲ್ಡ್ ಬಟನ್ ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಸ್ಟಾರ್ಟ್-ಸ್ಟಾಪ್ ಬಟನ್ನನ್ನು ಮಾತ್ರ ಮುಂದಿನ ರಸ್ತೆ ನೋಡಿ ನಿರ್ಧರಿಸುತ್ತೇನೆ.