ನಾಲ್ಕು ಮಳೆಗಾಲ ಕಂಡ ನಮ್ಮನೆ ಮೈಕ್ರೋಸ್ಕೋಪ್

ಮಗಳು ಎಂಟನೇ ಕ್ಲಾಸಿಗೆ ಹೋದ ವರ್ಷ ಇದನ್ನು ತಂದೆವು. ಅಂಬಾಲಾದಲ್ಲಿ ತಯಾರಾದ ಸ್ಟೂಡೆಂಟ್ ಮಾದರಿ. ಎರಡು ಕಣ್ಣಿಟ್ಟು ನೋಡುವಂಥದ್ದು, ಅಡಿಯಲ್ಲಿ ಎಲ್‌ಇಡಿ ದೀಪ, 4, 10, 40, 100 ಪಟ್ಟು ಹಿಗ್ಗಿಸುವ ನಾಲ್ಕು ಲೆನ್ಸು. ಆಗ ₹12,500 ಕೊಟ್ಟಿದ್ದೆ. ತೀರ್ಥಹಳ್ಳಿ ಸೀಮೆಯ ನಮಗೆ ಯಾವ ವಸ್ತುವಿನ ಬಾಳಿಕೆಯನ್ನೂ ಮಳೆಗಾಲದ ಲೆಕ್ಕದಲ್ಲೇ ಹೇಳಿ ಅಭ್ಯಾಸ. ಇದು ನಾಲ್ಕು ಕಳೆದಿದೆ.

ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲೆ '2000 ಪಟ್ಟು' ಅಂತ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಬೆಳಕಿನಲ್ಲಿ ನೋಡುವ ಮೈಕ್ರೋಸ್ಕೋಪಿಗೆ ಸುಮಾರು 0.2 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರವಿರುವ ಎರಡು ಚುಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ. ಅದರಾಚೆ ಎಷ್ಟು ಹಿಗ್ಗಿಸಿದರೂ ಮಸುಕು ದೊಡ್ಡದಾಗುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ಬಳಸುವುದು 10 ಮತ್ತು 40ರ ಲೆನ್ಸನ್ನೇ. ಎಣ್ಣೆ ಹಾಕಿ ನೋಡುವ 100ರದ್ದು ಜಾಸ್ತಿ ಹೊತ್ತು ಸುಮ್ನೆ ಕೂತಿರುತ್ತದೆ.

ನಿಜವಾಗಿ ನೋಡಬೇಕಾದ್ದು ಸ್ಟೇಜಿನ, ಅಂದರೆ ಸ್ಲೈಡ್ ಇಡುವ ತಟ್ಟೆಯ ಕೆಳಗೆ ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ಹಿಡಿ ಇದೆಯಾ ಅಂತ. ಇದು ನನಗೆ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಕೆನ್ನೆಯ ಒಳಗಿಂದ ಟೂತ್‌ಪಿಕ್‌ನಲ್ಲಿ ಮೆಲ್ಲಗೆ ಕೆರೆದು ತೆಗೆದ ಜೀವಕೋಶ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ. ಬೆಳಕು ಕಮ್ಮಿ ಮಾಡಿದೆ ನೋಡಿ, ಅಂಚು ಮಡಚಿದ ಹಪ್ಪಳದ ಹಾಗೆ ಒಂದೊಂದೇ ಎದ್ದು ಬಂತು! ಮೀನಿನ ತೊಟ್ಟಿಗೆ ಹಾಕುವ ಮೆಥಿಲೀನ್ ಬ್ಲೂ ಒಂದು ಹನಿ ಬಿಟ್ಟರೆ ನಡುವಿನ ಕೋಶಕೇಂದ್ರ ಗಾಢ ನೀಲಿಯಾಗುತ್ತದೆ.

ಈ ದುಡ್ಡು ಸಾರ್ಥಕ ಅನಿಸಿದ್ದು ಮಾತ್ರ ಅಡಿಕೆಯ ಕೊಳೆರೋಗದ ದಿನಗಳಲ್ಲಿ. ಎರಡನೇ ವರ್ಷದ ಆಷಾಢ. ಉದುರಿದ ಅಡಿಕೆಯ ಮೇಲೆ ಹತ್ತಿಯಂತೆ ಬಿಳಿ ಬೂಷ್ಟು ಹಬ್ಬಿತ್ತು. ಸೂಜಿಯ ಮೊನೆಯಲ್ಲಿ ಒಂಚೂರು ತೆಗೆದು, ಬಾವಿ ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಎಂಬ ತೆಳು ಗಾಜಿನ ಚೂರು ಮುಚ್ಚಿದೆವು. 40ರಲ್ಲಿ ಸಣ್ಣ ಸಣ್ಣ ನಿಂಬೆಕಾಯಿಗಳು, ತುದಿಯಲ್ಲೊಂದು ಮೊನೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕೆಲವು ಖಾಲಿಯಾಗಿದ್ದವು. ಅದರೊಳಗಿಂದ ಹೊರಬಿದ್ದ ಚುಕ್ಕೆಗಳು ನೀರಿನಲ್ಲಿ ಸರ್ರನೆ ಈಜುತ್ತಿದ್ದವು. ಅಪ್ಪಯ್ಯನನ್ನು ಕರೆದೆ. ಕನ್ನಡಕ ತೆಗೆದು ತುಂಬಾ ಹೊತ್ತು ನೋಡಿದರು. "ಇಷ್ಟು ವರ್ಷ ಔಷಧಿ ಹೊಡೆಸಿದ್ದು ಇದಕ್ಕಾ ಮಾರಾಯ!" ಅಂದರು.

ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಈ ಜೀವಿ ನಿಜವಾದ ಶಿಲೀಂಧ್ರವೂ ಅಲ್ಲ, ಕಂದು ಪಾಚಿಯ ದೂರದ ನೆಂಟ. ಈಜುವುದಕ್ಕೆ ಅದಕ್ಕೆ ಕಾಯಿಯ ಮೇಲೆ ನೀರಿನ ತೆಳು ಪದರ ಇದ್ದರೆ ಸಾಕು. ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು ಅನ್ನುವುದು ಇದಕ್ಕೇ. ಒಳಹೊಕ್ಕ ಮೇಲೆ ತಾಮ್ರದ ಆಟ ನಡೆಯುವುದಿಲ್ಲ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದರು. ಅವರು ಲೆನ್ಸಿನಲ್ಲಿ ಕಂಡಿದ್ದನ್ನೇ ನಮ್ಮ ಜಗಲಿಯಲ್ಲಿ ಕೂತು ಕಂಡೆವಲ್ಲ ಎಂದು ನನಗೆ ಈಗಲೂ ಖುಷಿ.

ಮನುಷ್ಯನ ಅಂಗಾಂಶದ 25 ರೆಡಿ ಸ್ಲೈಡುಗಳ ಪೆಟ್ಟಿಗೆಯನ್ನು ಬೇರೆ ಕಡೆಯಿಂದ ತರಿಸಿದೆ. ಎರಡರಲ್ಲಿ ಗಾಳಿಗುಳ್ಳೆ, ಒಂದು ತೀರಾ ದಪ್ಪ. ದೂರು ಕೊಟ್ಟರೆ ಒಂದನ್ನು ಮಾತ್ರ ಬದಲಿಸಿದರು. ಆದರೆ ಮೂಳೆಯ ಸ್ಲೈಡ್ ಒಂದೇ ಸಾಕು. ಕೊಯ್ದ ಸಾಗುವಾನಿ ದಿಮ್ಮಿಯಂತೆ ಸುತ್ತಿನೊಳಗೆ ಸುತ್ತು, ನಡುವೆ ರಕ್ತನಾಳದ ದಾರಿ. ಮೂಳೆ ಅಂದರೆ ಒಣ ಕಡ್ಡಿ ಅಂದುಕೊಂಡಿದ್ದ ಮಗಳು ಅವತ್ತು ನೋಟ್‌ಬುಕ್ಕಿನ ನಾಲ್ಕು ಪುಟ ಚಿತ್ರ ಬಿಡಿಸಿದಳು. ಗಿಡಗಳ ಪೈಕಿ ಎಲೆಯಡಿ ನೇರಳೆ ಬಣ್ಣವಿರುವ ರೋಯಿಯೊ ಸಿಪ್ಪೆ ನೋಡಿ. ಉಪ್ಪುನೀರು ಬಿಟ್ಟರೆ ಕೋಶದೊಳಗಿನ ನೇರಳೆ ಭಾಗ ಕೋಶದ ಗೋಡೆಯನ್ನು ಬಿಟ್ಟು ಒಳಗೆ ಮುದುಡುತ್ತದೆ.

ಮೂರನೇ ಮಳೆಗಾಲದಲ್ಲಿ ಎಲ್ಲವೂ ಮಂಜು ಮುಸುಕಿದಂತೆ ಕಾಣತೊಡಗಿತು. ಕಣ್ಣಿಟ್ಟು ನೋಡುವ ಐಪೀಸ್ ಬಿಚ್ಚಿ ಬೆಳಕಿಗೆ ಹಿಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು. ಬೂಷ್ಟು! ತಪ್ಪು ನನ್ನದೇ. ಜೊತೆಗೆ ಬಂದ ಪ್ಲಾಸ್ಟಿಕ್ ಕವರು ಹೊದಿಸಿ ಮೂಲೆಯಲ್ಲಿಟ್ಟಿದ್ದೆ, ತೇವ ಒಳಗೇ ಕೂತುಬಿಟ್ಟಿತ್ತು. ರಿಪೇರಿಗೆ ₹1,800 ಆಯಿತು, ಒಂದೂವರೆ ತಿಂಗಳು ಕಾದೆವು. ಈಗ ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ ಇಡುತ್ತೇವೆ. ಹರಳಿನ ನೀಲಿ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕುವುದು. ಇತ್ತೀಚೆಗೆ ಸ್ಟೇಜ್ ತಾನಾಗಿ ಕೆಳಗಿಳಿಯುತ್ತಿತ್ತು, ಫೋಕಸ್ ತಿರುಪಿನ ಪಕ್ಕದ ಬಿಗಿ ಉಂಗುರ ತಿರುಗಿಸಿದ ಮೇಲೆ ಸರಿಹೋಯಿತು. ದೀಪ ಇನ್ನೂ ಮೊದಲಿನದ್ದೇ.

ಮಲೆನಾಡು, ಕರಾವಳಿಯವರು ತಗೊಳ್ಳುವುದಾದರೆ ಡಬ್ಬ, ಸಿಲಿಕಾ ಜೆಲ್ ಎರಡನ್ನೂ ಅದೇ ದಿನ ತಗೊಳ್ಳಿ. ಕವರ್ ಸ್ಲಿಪ್ ಎರಡು ಪೆಟ್ಟಿಗೆ ಇರಲಿ, ಮಕ್ಕಳ ಕೈಯಲ್ಲಿ ಬೇಗ ಒಡೆಯುತ್ತವೆ.