ಥೀಮ್ ಪಾರ್ಕಿನೊಳಗೆ ರಾತ್ರಿ ಊಟ ಬುಕ್ ಮಾಡುವ ಮುಂಚೆ: ‘ತಲೆಗಿಷ್ಟು’ ದರದ ಬಗ್ಗೆ ಎಚ್ಚರ

ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ಅಮೆರಿಕಕ್ಕೆ ಕರೆಸಿಕೊಂಡ ಮನೆಗಳಲ್ಲಿ ಫ್ಲಾರಿಡಾದ ಥೀಮ್ ಪಾರ್ಕುಗಳ ಊರು ಓರ್ಲ್ಯಾಂಡೊ ಪ್ರವಾಸ ಹೆಚ್ಚುಕಡಿಮೆ ಖಾಯಂ. ವಿಮಾನ, ಹೋಟೆಲ್, ಪಾರ್ಕ್ ಟಿಕೆಟ್ ಎಲ್ಲಕ್ಕೂ ನಾಲ್ಕು ಕಡೆ ದರ ವಿಚಾರಿಸುವವರು ಪಾರ್ಕಿನೊಳಗಿನ ರಾತ್ರಿ ಊಟವನ್ನು ಮಾತ್ರ ಹೆಸರು ಕೇಳಿ, ಫೋಟೊ ನೋಡಿ ಬುಕ್ ಮಾಡಿಬಿಡುತ್ತಾರೆ. ದುಡ್ಡು ಸೋರುವುದು ಅಲ್ಲೇ. ಬೇಕಾದ್ದನ್ನು ತರಿಸಿ, ತರಿಸಿದ್ದಕ್ಕಷ್ಟೇ ಕೊಡುವ ಪದ್ಧತಿ ಇದ್ದ ಕೆಲವು ರೆಸ್ಟೊರೆಂಟ್‌ಗಳು ‘ತಲೆಗಿಷ್ಟು’ ಎಂಬ ಒಂದೇ ದರಕ್ಕೆ ಬದಲಾಗಿವೆ. ಮೆನು ಪುಟದಲ್ಲಿ ‘ಪ್ರಿ ಫಿಕ್ಸ್’ ಅಥವಾ ‘ತ್ರೀ ಕೋರ್ಸ್’ ಎಂದು ಕಂಡರೆ ಅಲ್ಲೇ ನಿಂತು ಲೆಕ್ಕ ಹಾಕಿ.

ಅಲ್ಲಿನ ಒಂದು ಪಾರ್ಕಿನಲ್ಲಿ ಆರು ಜನರ ಕುಟುಂಬಕ್ಕೆ ಆದದ್ದು ಹೀಗೆ. ತಾತ, ಅಜ್ಜಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. ಬುಕ್ ಮಾಡುವಾಗ ಅವರು ನೋಡಿದ್ದು ಯಾರೋ ಹಿಂದೆ ಹಾಕಿದ್ದ ಹಳೆಯ ಮೆನುವಿನ ಫೋಟೊ. ನಾಲ್ಕು ತಟ್ಟೆ ತರಿಸಿ ಆರು ಜನ ಹಂಚಿಕೊಳ್ಳುವುದು ಎಂಬ ಲೆಕ್ಕ. ಕೂತ ಮೇಲೆ ತಿಳಿಯಿತು: ಪ್ರತಿಯೊಬ್ಬರೂ ಮೂರು ಸುತ್ತಿನ ಪೂರ್ತಿ ಊಟ ತೆಗೆದುಕೊಳ್ಳಲೇಬೇಕು, ಹಂಚಿಕೊಳ್ಳುವ ಹಾಗಿಲ್ಲ. ಅಜ್ಜಿ ಸಸ್ಯಾಹಾರಿ. ಮೊದಲ ಸುತ್ತಿನಲ್ಲಿ ಮಾಂಸವಿಲ್ಲದ್ದು ಎಂದು ಕಂಡದ್ದು ಈರುಳ್ಳಿ ಸೂಪ್. ಎರಡು ಚಮಚ ಕುಡಿದ ಮೇಲೆ ಸೊಸೆಗೆ ಅನುಮಾನ ಬಂದು ವೇಟರ್‌ನನ್ನು ಕೇಳಿದರು. ಸೂಪು ಮಾಡಿದ್ದೇ ಗೋಮಾಂಸದ ಮೂಳೆ ಬೇಯಿಸಿದ ರಸದಲ್ಲಿ. ‘ಅತ್ತೆ, ಅದನ್ನ ಪಕ್ಕಕ್ಕಿಡಿ’ ಎಂದಾಗ ಅಜ್ಜಿ ಕಾರಣವನ್ನೂ ಕೇಳಲಿಲ್ಲ, ಆಮೇಲೆ ಬಂದ ಯಾವುದನ್ನೂ ಮುಟ್ಟಲಿಲ್ಲ. ದರ ಮಾತ್ರ ಪೂರ್ತಿ. ಎರಡನೇ ಸುತ್ತು ಬರುವಷ್ಟರಲ್ಲಿ ಹುಡುಗ ನಿದ್ದೆ ಹೋಗಿದ್ದ, ಸಿಹಿ ಬರುವಷ್ಟರಲ್ಲಿ ಹೊರಗೆ ಪಟಾಕಿ ಪ್ರದರ್ಶನ ಶುರುವಾಗಿತ್ತು. ಬಿಲ್ಲಿನಲ್ಲಿ ಟಿಪ್ಸ್ ಆಗಲೇ ಸೇರಿತ್ತು. ಅವಸರದಲ್ಲಿ ಅದನ್ನು ಗಮನಿಸದೆ ಕೆಳಗಿನ ಖಾಲಿ ಗೆರೆಯಲ್ಲಿ ಇನ್ನೊಮ್ಮೆ ಶೇ. 20 ಬರೆದು ಸಹಿ ಹಾಕಿದರು.

ಇದರಲ್ಲಿ ಯಾವುದೂ ಮೋಸವಲ್ಲ. ಎಲ್ಲವೂ ನಿಯಮದಲ್ಲೇ ಇದೆ. ಆದ್ದರಿಂದಲೇ ಜಗಳವಾಡಿ ದುಡ್ಡು ವಾಪಸ್ ಪಡೆಯಲು ದಾರಿ ಇಲ್ಲ, ಮುಂಚೆಯೇ ತಿಳಿದಿರಬೇಕು.

ನಮ್ಮವರು ಎಡವುವ ಮೊದಲ ಜಾಗ ಇದು. ಒಂದೇ ದರ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಊರಿನ ಫುಲ್ ಮೀಲ್ಸ್: ಅನ್ನ, ಸಾರು, ಪಲ್ಯ ಸಾಕು ಅನ್ನುವ ತನಕ ಬಡಿಸುತ್ತಾರೆ. ಇಲ್ಲಿ ಹಾಗಲ್ಲ. ಶುರುವಿಗೆ ಒಂದು, ಮುಖ್ಯ ಊಟಕ್ಕೆ ಒಂದು, ಕೊನೆಗೆ ಒಂದು ಸಿಹಿ, ಪ್ರತಿಯೊಂದೂ ಒಂದೇ ಸಲ. ಎರಡನೇ ಸಲ ಬಡಿಸುವುದು ಬಫೆ ಇರುವಲ್ಲಿ ಅಥವಾ ಮೇಜಿಗೆ ಪಾತ್ರೆ ತಂದಿಡುವ ‘ಫ್ಯಾಮಿಲಿ ಸ್ಟೈಲ್’ ಜಾಗಗಳಲ್ಲಿ ಮಾತ್ರ. ಪ್ರಿ ಫಿಕ್ಸ್, ಬಫೆ, ಫ್ಯಾಮಿಲಿ ಸ್ಟೈಲ್ ಮೂರಕ್ಕೂ ತಲೆಗಿಷ್ಟೇ ದರ, ಸಿಗುವುದು ಮಾತ್ರ ಬೇರೆ ಬೇರೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಒಳಗಿನ ‘ಬಿ ಅವರ್ ಗೆಸ್ಟ್’. 2012ರ ಕೊನೆಯಲ್ಲಿ ತೆರೆದ, ಸುಮಾರು 550 ಆಸನಗಳ ದೊಡ್ಡ ಜಾಗ. ರಾತ್ರಿ ಊಟಕ್ಕೆ ಮೆನುವಿನಿಂದ ಆರಿಸಿ ತರಿಸಬಹುದಿತ್ತು. 2018ರ ಜುಲೈ ಕೊನೆಯಿಂದ ಅದು ಮೂರು ಸುತ್ತಿನ ಒಂದೇ ದರದ ಊಟವಾಯಿತು: ದೊಡ್ಡವರಿಗೆ 55 ಡಾಲರ್, ಮಕ್ಕಳಿಗೆ 35. ಆಗ ಊಟದ ಮೇಜನ್ನು 180 ದಿನ ಮುಂಚೆಯೇ ಕಾಯ್ದಿರಿಸಬಹುದಿತ್ತು, ಅಂದರೆ ಜುಲೈ ಕೊನೆಯ ಊಟಕ್ಕೆ ಜನವರಿಯಲ್ಲೇ. ಕೋವಿಡ್‌ಗೆ ಮುಚ್ಚಿದ್ದ ಪಾರ್ಕ್ 2020ರಲ್ಲಿ ಮತ್ತೆ ತೆರೆದಾಗ ಮಧ್ಯಾಹ್ನದ ಊಟಕ್ಕೂ ಇದೇ ಪದ್ಧತಿ ಬಂತು. 2021ರಲ್ಲಿ ಡಿಸ್ನಿಯ ಹೋಟೆಲಾದ ಕಾಂಟೆಂಪರರಿ ರೆಸಾರ್ಟ್‌ನ ಮೇಲಂತಸ್ತಿನ ‘ಕ್ಯಾಲಿಫೋರ್ನಿಯಾ ಗ್ರಿಲ್’ ಮೂರು ಸುತ್ತಿಗೆ 89 ಡಾಲರ್ ಇಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡಿಸ್ನಿಯದೇ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ ಶುರುವಾದ ‘ಸ್ಪೇಸ್ 220’ ರಾತ್ರಿಗೆ 79 ಡಾಲರ್ ಇಟ್ಟುಕೊಂಡೇ ಬಾಗಿಲು ತೆರೆಯಿತು. ಇವೆಲ್ಲ ಆಗಿನ ದರಗಳು. ನೀವು ಹೋಗುವ ದಿನದ ದರವನ್ನು ಪಾರ್ಕಿನ ಸ್ವಂತ ಮೆನು ಪುಟದಲ್ಲೇ ನೋಡಿ. ಸ್ನೇಹಿತರ ಫೋಟೊ, ಹಳೆಯ ವಿಡಿಯೊ ನಂಬಬೇಡಿ.

ಮೇಲಿನಂಥದೇ ಆರು ಜನಕ್ಕೆ 2018ರ 55-35 ದರದಲ್ಲಿ ಲೆಕ್ಕ ಹಾಕೋಣ. ಡಿಸ್ನಿಯಲ್ಲಿ ಹತ್ತು ತುಂಬಿದ ಮಗು ಊಟದ ಲೆಕ್ಕಕ್ಕೆ ದೊಡ್ಡವರು. ಮಕ್ಕಳ ದರ 3ರಿಂದ 9 ವರ್ಷದವರಿಗೆ. ಹಾಗಾಗಿ ದೊಡ್ಡವರು ಐದು, 275 ಡಾಲರ್. ಮಗು ಒಂದು, 35. ಒಟ್ಟು 310. ಇದರ ಮೇಲೆ ಪಾರ್ಕ್ ಇರುವ ಆರೆಂಜ್ ಕೌಂಟಿಯ ಮಾರಾಟ ತೆರಿಗೆ ಶೇ. 6.5, ಅಂದರೆ 20.15. ಆರು ಜನ ಅಥವಾ ಹೆಚ್ಚಿದ್ದರೆ ಶೇ. 18 ಟಿಪ್ಸ್ ತಾನಾಗಿಯೇ ಸೇರುತ್ತದೆ, 55.80. ಕೊನೆಗೆ ಕೊಡಬೇಕಾದ್ದು 385.95 ಡಾಲರ್. ಇವತ್ತಿನ ವಿನಿಮಯದಲ್ಲಿ ಮೂವತ್ತು ಸಾವಿರ ರೂಪಾಯಿ ದಾಟಿದ ಒಂದು ಹೊತ್ತಿನ ಊಟ. ವೈನ್, ಬಿಯರ್ ಬೇರೆ.

ಇದೇ ಕುಟುಂಬ ಮೆನುವಿನಿಂದ ತರಿಸುವ ಕಡೆ ಕೂತಿದ್ದರೆ? 30 ಡಾಲರಿನ ನಾಲ್ಕು ಮುಖ್ಯ ತಟ್ಟೆ, ಇಬ್ಬರಿಗೊಂದರಂತೆ 10 ಡಾಲರಿನ ಮೂರು ಸಿಹಿ ಎಂದುಕೊಳ್ಳಿ. 150 ಡಾಲರ್. ತೆರಿಗೆ, ಟಿಪ್ಸ್ ಸೇರಿದರೂ 186.75, ಅರ್ಧಕ್ಕಿಂತ ಕಡಿಮೆ. ವ್ಯತ್ಯಾಸ ಬಂದದ್ದು ಅಡುಗೆಯ ಗುಣದಿಂದಲ್ಲ, ಎಣಿಸುವ ರೀತಿಯಿಂದ. ಒಂದು ಕಡೆ ತಟ್ಟೆ ಎಣಿಸುತ್ತಾರೆ, ಇನ್ನೊಂದು ಕಡೆ ಕುರ್ಚಿ. ಸಂಜೆ ಆರರ ಮೇಲೆ ಅರ್ಧ ಚಪಾತಿಯಷ್ಟೂ ತಿನ್ನದ ತಾತನಿಗೂ, ಫ್ರೈಸ್ ಬಿಟ್ಟು ಬೇರೇನೂ ಮುಟ್ಟದ ಮಗುವಿಗೂ ಕುರ್ಚಿ ಬೇಕೇ ಬೇಕು.

ಇನ್ನೊಂದು ಅಸಮತೋಲ ಇದೆ. ಇಂಥ ದರವನ್ನು ಲೆಕ್ಕ ಹಾಕುವುದು ಮೆನುವಿನ ದುಬಾರಿ ತಿನಿಸನ್ನು, ಸಾಮಾನ್ಯವಾಗಿ ಗೋಮಾಂಸದ ಒಳ್ಳೆಯ ತುಂಡನ್ನು, ಮನಸ್ಸಿನಲ್ಲಿಟ್ಟುಕೊಂಡು. ತರಕಾರಿ ತಟ್ಟೆ ತರಿಸಿದವರೂ ಅದೇ ದರ ಕೊಡುತ್ತಾರೆ. ರೆಸ್ಟೊರೆಂಟಿನ ಕಡೆಯಿಂದ ನೋಡಿದರೆ ಕಾರಣ ಸ್ಪಷ್ಟ: ಹೊರಗೆ ಕಾಯುವವರ ಸಾಲು ಇದ್ದೇ ಇರುತ್ತದೆ, ಒಂದು ಕುರ್ಚಿಗೆ ಒಂದು ರಾತ್ರಿ ಇಷ್ಟು ಎಂದು ಖಚಿತವಾಗಿ ಬರುತ್ತದೆ, ಬಗೆ ಕಡಿಮೆಯಾದಷ್ಟೂ ಅಡುಗೆಮನೆಯ ಕೆಲಸ ಹಗುರ. ಸಾಸ್, ಸೂಪು, ಸಿಹಿ ಎಲ್ಲ ಮುಂಚೆಯೇ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಕೂತಿರುತ್ತದೆ.

ಸಸ್ಯಾಹಾರಿಗಳಿಗೆ ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಮುಂಚೆಯೇ ಮಾಡಿಟ್ಟ ರಸದಿಂದ ಮಾಂಸದ ಅಂಶವನ್ನು ಮೇಜಿನ ಪಕ್ಕ ನಿಂತು ತೆಗೆಯಲಾಗುವುದಿಲ್ಲ. ಆ ಅಜ್ಜಿಗೆ ಆದದ್ದು ಇದೇ. ಫ್ರೆಂಚ್ ಈರುಳ್ಳಿ ಸೂಪನ್ನು ಸಾಂಪ್ರದಾಯಿಕವಾಗಿ ಗೋಮಾಂಸದ ರಸದಲ್ಲೇ ಮಾಡುವುದು, ಮೇಲೆ ತೇಲುವುದು ಬ್ರೆಡ್ಡು ಮತ್ತು ಕರಗಿಸಿದ ಗ್ರುಯೇರ್ ಚೀಸ್ ಅಷ್ಟೇ, ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಗ್ರುಯೇರ್ ಮತ್ತು ಪಾರ್ಮೆಸಾನ್‌ನ ಅಸಲಿ ಬಗೆಗಳಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ರಿಸೊಟೊ ಅನ್ನದ ಹಾಗೆ ಕಂಡರೂ ಎಷ್ಟೋ ಕಡೆ ಬೇಯುವುದು ಕೋಳಿ ರಸದಲ್ಲಿ. ಸೀಸರ್ ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ, ವೂಸ್ಟರ್ ಸಾಸ್‌ನಲ್ಲೂ ಅದೇ. ಬೀನ್ಸ್ ಪಲ್ಯದಂತೆ ಕಾಣುವುದರಲ್ಲಿ ಬೇಕನ್ (ಹಂದಿಮಾಂಸ) ಚೂರು ಹಾಕಿರಬಹುದು. ಸಿಹಿಗೆ ಬಂದರೆ ಮೂಸ್, ಪನ್ನಾ ಕೋಟಾ, ಮಾರ್ಷ್‌ಮೆಲೊ ಇವುಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಇದೆಯೇ ಎಂದು ಕೇಳಲೇಬೇಕು. ಫ್ರೈಸ್ ಕರಿದ ಎಣ್ಣೆಯಲ್ಲೇ ಕೋಳಿ, ಮೀನು ಕರಿದಿರುವುದು ಮಾಮೂಲು.

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಆ ಮಾತಿಗೆ ಮೊಟ್ಟೆ, ಚೀಸ್ ಎರಡೂ ಸೇರುತ್ತವೆ, ರಸದ ವಿಷಯ ಎಷ್ಟೋ ಸಲ ನೆನಪಿಗೇ ಬರುವುದಿಲ್ಲ. ‘ನೋ ಮೀಟ್, ನೋ ಫಿಶ್, ನೋ ಚಿಕನ್ ಬ್ರಾತ್, ನೋ ಬೀಫ್ ಬ್ರಾತ್, ನೋ ಜೆಲಟಿನ್’ ಎಂದು ಬಿಡಿಬಿಡಿಯಾಗಿ ಹೇಳಿ. ಮೊಟ್ಟೆ ಬೇಡದಿದ್ದರೆ ಅದನ್ನೂ ಸೇರಿಸಿ. ಡಿಸ್ನಿ ಮೆನುಗಳಲ್ಲಿ 2019ರಿಂದ ಹಸಿರು ಎಲೆಯ ಗುರುತು ಬಂದಿದೆ: ಎಲೆ ಇದ್ದರೆ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಹಾಕಿ ಮಾಡಿದ್ದಲ್ಲ. ಅನುಮಾನ ಬಂದಾಗ ಎಲೆ ಇರುವುದನ್ನೇ ಹಿಡಿಯಿರಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಎಲೆಯ ಗುರುತೂ ಕೆಲಸಕ್ಕೆ ಬಾರದು. ಬುಕ್ ಮಾಡುವಾಗಲೇ ಕೋರಿಕೆಯಲ್ಲಿ ಬರೆದು, ಕೂತ ಕೂಡಲೇ ವೇಟರ್‌ಗೆ ಇನ್ನೊಮ್ಮೆ ಹೇಳಿ, ಬೇಕಿದ್ದರೆ ಶೆಫ್ ಜೊತೆ ಮಾತಾಡಬೇಕು ಎಂದು ಕೇಳಿ. ಹಾಗೆ ಕೇಳುವುದಕ್ಕೆ ಸಂಕೋಚ ಬೇಡ.

ಬುಕಿಂಗ್‌ನಲ್ಲಿ ನೋಡಬೇಕಾದ್ದು ಇನ್ನೂ ಕೆಲವಿದೆ. ಈಗ ಡಿಸ್ನಿ ವರ್ಲ್ಡ್‌ನಲ್ಲಿ ಮೇಜು ಕಾಯ್ದಿರಿಸಲು ಅವಕಾಶ 60 ದಿನ ಮುಂಚಿನಿಂದ. ಕ್ರೆಡಿಟ್ ಕಾರ್ಡ್ ಕೊಡಬೇಕು. ಹೋಗದಿದ್ದರೆ ಅಥವಾ ತಡವಾಗಿ ರದ್ದು ಮಾಡಿದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ಕಡಿತ, ಅಂದರೆ ಆರು ಜನಕ್ಕೆ 60. ರದ್ದು ಮಾಡುವ ಗಡುವು ಹೆಚ್ಚಿನ ಕಡೆ ಊಟದ ಹೊತ್ತಿಗೆ 2 ಗಂಟೆ ಮುಂಚೆ. ಆದರೆ ಪ್ರದರ್ಶನ ಸಹಿತ ಊಟಗಳಿಗೆ ಪೂರ್ತಿ ದುಡ್ಡು ಮುಂಗಡ ಕೊಡಬೇಕಾಗುತ್ತದೆ, ಅವುಗಳ ನಿಯಮವೇ ಬೇರೆ. ಬುಕ್ ಆದ ಮೇಲೆ ಸುಮ್ಮನಿರಬೇಡಿ. ಹೊರಡುವ ವಾರ ಒಮ್ಮೆ, ಹೋಗುವ ದಿನ ಬೆಳಿಗ್ಗೆ ಒಮ್ಮೆ ಅದೇ ಮೆನು ಪುಟ ತೆರೆದು ನೋಡಿ. ದರದ ಪದ್ಧತಿ ಬದಲಾಗಿದ್ದರೆ ಕೈಯಲ್ಲಿ ಎರಡು ಗಂಟೆಯ ಗಡುವಿನ್ನೂ ಇರುತ್ತದೆ. ಪಾರ್ಕಿನೊಳಗಿನ ರೆಸ್ಟೊರೆಂಟ್ ಆದರೆ ಪ್ರವೇಶ ಟಿಕೆಟ್ ಬೇರೆಯೇ ಬೇಕು, ಊಟದ ಬುಕಿಂಗ್‌ನಿಂದ ಗೇಟು ದಾಟಲಾಗುವುದಿಲ್ಲ.

ಡೈನಿಂಗ್ ಪ್ಲಾನ್ (ಊಟಕ್ಕೆ ಮುಂಗಡವಾಗಿ ದುಡ್ಡು ಕೊಟ್ಟು ಕೊಳ್ಳುವ ಡಿಸ್ನಿಯ ಯೋಜನೆ) ಕೊಂಡವರು ಇನ್ನೊಂದು ವಿಷಯ ಗಮನಿಸಿ. 2020ರಲ್ಲಿ ನಿಂತಿದ್ದ ಆ ಯೋಜನೆ 2024ರ ಜನವರಿಯಿಂದ ಮತ್ತೆ ಬಂದಿದೆ. ‘ಸಿಗ್ನೇಚರ್’ ದರ್ಜೆಯ ರೆಸ್ಟೊರೆಂಟ್‌ನಲ್ಲಿ ಒಂದು ಊಟಕ್ಕೆ ಎರಡು ಕ್ರೆಡಿಟ್, ಅಂದರೆ ಯೋಜನೆಯ ಎರಡು ಊಟದ ಪಾಲು, ಹೋಗುತ್ತದೆ. 2018ರಲ್ಲಿ ‘ಬಿ ಅವರ್ ಗೆಸ್ಟ್’ ರಾತ್ರಿ ಊಟ ಒಂದೇ ದರಕ್ಕೆ ಬದಲಾದಾಗ ಒಂದಿದ್ದ ಕ್ರೆಡಿಟ್ ಎರಡಾಯಿತು. ಅಂದರೆ ಎರಡು ರಾತ್ರಿಯ ಊಟ ಒಂದೇ ಸಂಜೆಗೆ ಮುಗಿಯುತ್ತದೆ.

ಸಮಯದ ಲೆಕ್ಕ: ಮೂರು ಸುತ್ತು ಎಂದರೆ ಒಂದೂವರೆ ಗಂಟೆಗೆ ಕಡಿಮೆ ಎಂದುಕೊಳ್ಳಬೇಡಿ. ಎರಡನೇ ಸುತ್ತು ಬೇಗ ಬೇಕೆಂದರೂ ಮೇಜಿನ ಎಲ್ಲರ ಮೊದಲ ತಟ್ಟೆ ಖಾಲಿಯಾಗದೆ ಅಡುಗೆಮನೆ ಮುಂದಿನದನ್ನು ಕಳಿಸುವುದಿಲ್ಲ. ಪಟಾಕಿ ನೋಡಬೇಕೆಂದಿದ್ದರೆ ಅದಕ್ಕೆ ಕನಿಷ್ಠ ಎರಡೂವರೆ ಗಂಟೆ ಮುಂಚಿನ ಮೇಜು ಹಿಡಿಯಿರಿ. ಚಿಕ್ಕ ಮಕ್ಕಳಿದ್ದರೆ ಸಂಜೆ ಐದರ ಆಸುಪಾಸು ಒಳ್ಳೆಯದು. ಬಿಲ್ಲು ಬಂದಾಗ ‘ಗ್ರ್ಯಾಚುಯಿಟಿ’ ಅಥವಾ ‘ಸರ್ವಿಸ್ ಚಾರ್ಜ್’ ಎಂಬ ಸಾಲು ಮೊದಲು ಹುಡುಕಿ. ಅದು ಇದ್ದರೆ ಕೆಳಗಿನ ‘ಅಡಿಷನಲ್ ಟಿಪ್’ ಗೆರೆಯನ್ನು ಅಡ್ಡ ಗೀಟು ಹಾಕಿ ಬಿಡಿ, ಟೋಟಲ್ ಎಂಬಲ್ಲಿ ಅಚ್ಚಾದ ಮೊತ್ತವನ್ನೇ ಬರೆಯಿರಿ. 310 ಡಾಲರಿನ ಊಟಕ್ಕೆ ಎರಡನೇ ಸಲದ ಶೇ. 20 ಎಂದರೆ 62 ಡಾಲರ್.

ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ನನ್ನ ಸಲಹೆ ನೇರ: ಪಾರ್ಕಿನೊಳಗೆ ಕೌಂಟರ್ ಊಟ ಮಾಡಿ, ಕೂತು ಉಣ್ಣುವ ಆಸೆಯನ್ನು ಹೊರಗಿನ ರೆಸಾರ್ಟ್‌ನಲ್ಲಿ ತೀರಿಸಿಕೊಳ್ಳಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿದಾನಿ ವಿಲೇಜ್‌ನಲ್ಲಿರುವ ‘ಸನಾ’ದಲ್ಲಿ ಭಾರತೀಯ ಮಸಾಲೆಯ ಅಡುಗೆ ಇದೆ, ಮೆನುವಿನಿಂದ ಆರಿಸಿ ತರಿಸಬಹುದು. ನಾನ್ ಮೊದಲಾದ ರೊಟ್ಟಿಗಳ ಜೊತೆ ಒಂಬತ್ತು ಬಗೆಯ ಚಟ್ನಿ-ಉಪ್ಪಿನಕಾಯಿ ಬರುವ ‘ಬ್ರೆಡ್ ಸರ್ವಿಸ್’ ತರಿಸಿದರೆ ಇಡೀ ಮೇಜು ಹಂಚಿಕೊಳ್ಳಬಹುದು, ಕಿಟಕಿಯಾಚೆ ಜಿರಾಫೆ ಮೇಯುವುದನ್ನೂ ನೋಡಬಹುದು, ಪಾರ್ಕ್ ಟಿಕೆಟ್ ಬೇಡ. ಡಿಸ್ನಿ ಪಾರ್ಕುಗಳಿಗೆ ಮನೆಯ ತಿಂಡಿ ಒಯ್ಯಲೂ ಅಡ್ಡಿಯಿಲ್ಲ. ಬಿಸಿ ಮಾಡುವ ಅಗತ್ಯ ಇರಬಾರದು, ಗಾಜಿನ ಡಬ್ಬಿ ಮತ್ತು ಮದ್ಯ ಬೇಡ, ಬಿಡಿ ಐಸ್ ಬದಲು ಐಸ್ ಪ್ಯಾಕ್ ಇಡಿ. ಚಪಾತಿ-ಚಟ್ನಿಪುಡಿ, ಪುಳಿಯೋಗರೆ, ಮೊಸರನ್ನ ಧಾರಾಳವಾಗಿ ನಡೆಯುತ್ತದೆ. ಊಟದ ಕೌಂಟರ್‌ಗಳಲ್ಲಿ ಕೇಳಿದರೆ ತಣ್ಣೀರು ಉಚಿತ.

ಇಷ್ಟೆಲ್ಲ ಆಗಿಯೂ ಕುರ್ಚಿಯಲ್ಲಿ ಕೂತ ಮೇಲೆಯೇ ದರ ಗೊತ್ತಾದರೆ, ಆರ್ಡರ್ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ತಿನ್ನದವರು ಸುಮ್ಮನೆ ಕೂರಬಹುದೇ, ಮತ್ತು ಲಾಂಜ್‌ನಲ್ಲಿ ಬಿಡಿಬಿಡಿಯಾಗಿ ತರಿಸುವ ಮೆನು ಇದೆಯೇ. ‘ಸ್ಪೇಸ್ 220’ರಂಥ ಕಡೆ ಪಕ್ಕದ ಲಾಂಜ್‌ನಲ್ಲಿ ಅಂಥ ಮೆನು ಇಟ್ಟಿದ್ದಾರೆ, ಕಿಟಕಿಯ ನೋಟ ಎರಡು ಕಡೆಗೂ ಒಂದೇ. ಎರಡಕ್ಕೂ ಇಲ್ಲ ಎಂದರೆ ಧನ್ಯವಾದ ಹೇಳಿ ಎದ್ದು ಬನ್ನಿ. ನೀರಿನ ಲೋಟ ತಂದಿಟ್ಟರು ಎಂಬ ದಾಕ್ಷಿಣ್ಯಕ್ಕೆ ಮುನ್ನೂರು-ನಾನ್ನೂರು ಡಾಲರ್ ತೆರಬೇಕಾಗಿಲ್ಲ.