ಟೆಕ್ಸಾಸ್ ಕ್ರಾಂತಿಯ ಯುದ್ಧದಾಟ: ಅಲಾಮೊ ಆಡಬೇಕೇ, ಸ್ಯಾನ್ ಜಸಿಂಟೊ ಆಡಬೇಕೇ?

1835–36ರ ಟೆಕ್ಸಾಸ್ ಕ್ರಾಂತಿಯನ್ನು, ಅಂದರೆ ಮೆಕ್ಸಿಕೊ ವಿರುದ್ಧ ಟೆಕ್ಸಾಸ್ ಎದ್ದ ದಂಗೆಯನ್ನು, ಪರ್ಯಾಯ ಇತಿಹಾಸವಾಗಿ ಆಡಬಯಸುವವರಿಗೆ ಎರಡು ಸನ್ನಿವೇಶಗಳು ಮುಖ್ಯವಾದವು. ನೆರವಿಗೆಂದು ಗೋಲಿಯಾಡ್ ಪಟ್ಟಣದಿಂದ ಹೊರಟು ಹಿಂದಿರುಗಿದ ಟೆಕ್ಸಾಸ್ ಸೇನಾನಿ ಫ್ಯಾನಿನ್‌ನ ಪಡೆ, ಮೆಕ್ಸಿಕನ್ ಸೇನೆಯ ಮುತ್ತಿಗೆಗೊಳಗಾದ ಅಲಾಮೊ ಕೋಟೆಯನ್ನು ತಲುಪಿದ್ದರೆ ಎಂಬುದು ಮೊದಲನೆಯದು. ನಕ್ಷೆ ಚಿಕ್ಕದಾದ್ದರಿಂದ ಹೊಸಬರಿಗೆ ಇದು ಸುಲಭ. ಆದರೆ ರಕ್ಷಕರ ಸಂಖ್ಯೆ ಹೆಚ್ಚಿದಂತೆ ಆಹಾರವೂ ಬೇಗ ತೀರುವುದರಿಂದ ಆಯ್ಕೆಗಳು ಕಡಿಮೆ.

ಏಪ್ರಿಲ್ 21ರಂದು ಸ್ಯಾನ್ ಜಸಿಂಟೊದಲ್ಲಿ ಸೋತ ಮೆಕ್ಸಿಕೊದ ಅಧ್ಯಕ್ಷ ಹಾಗೂ ಸೇನಾಧಿಪತಿ ಸಾಂತಾ ಆನಾ ಮರುದಿನ ಸೆರೆಸಿಕ್ಕದೆ ತಪ್ಪಿಸಿಕೊಂಡಿದ್ದರೆ ಎಂಬ ಎರಡನೆಯದನ್ನೇ ನಾನು ಒತ್ತಿ ಶಿಫಾರಸು ಮಾಡುತ್ತೇನೆ. ಟೆಕ್ಸಾಸ್ ಸೇನಾಧಿಪತಿ ಹ್ಯೂಸ್ಟನ್‌ನ ಸುಮಾರು 900 ಜನರಿಗಿಂತ ದೊಡ್ಡದಾದ ಮೆಕ್ಸಿಕನ್ ಸೇನೆ ಜನರಲ್‌ಗಳಾದ ಫಿಲಿಸೋಲಾ, ಉರ್ರೇಯಾರ ಬಳಿ ಇನ್ನೂ ಉಳಿದಿತ್ತು; ಸೆರೆಯಲ್ಲಿದ್ದ ಅಧ್ಯಕ್ಷ ನಿಜವಾಗಿ ಕೊಟ್ಟ ಹಿಮ್ಮೆಟ್ಟುವ ಆಜ್ಞೆಯಿಲ್ಲದೆಯೂ, ಮಳೆ, ಕೆಸರು ಮತ್ತು ದವಸದ ಕೊರತೆಯ ನಡುವೆ ಅದು ಹಿಮ್ಮೆಟ್ಟುತ್ತಿತ್ತೇ ಎಂಬುದನ್ನು ಆಟಗಾರನೇ ನಿರ್ಧರಿಸಬೇಕಾಗುತ್ತದೆ. ಪೂರೈಕೆಯ ನಿಯಮಗಳು ಕಟ್ಟುನಿಟ್ಟಾಗಿಲ್ಲದಿದ್ದರೆ ಮಾತ್ರ ಇದನ್ನು ಆರಿಸಬೇಡಿ.